ನನ್ನ ಕಾರ್ಡಿನ ಹನ್ನೊಂದು ಕಿಲೋ

ಪ್ರೀತಿಯ ಮಗಳಿಗೆ,

ಮೊದಲು ಗುಂಡಮ್ಮ ಎಂದು ಬರೆದು, ಹೊಡೆದುಹಾಕಿದೆ. ನೀನು ಹುಟ್ಟಿದ ದಿನ ಅಜ್ಜಿ ಮುದ್ದಿಗೆ ಇಟ್ಟ ಹೆಸರದು. ಈಗ ಆ ಹೆಸರಿಗೆ ನೀನು ತಿರುಗಿಯೂ ನೋಡುವುದಿಲ್ಲ, ಕರೆಯಲು ನನಗೂ ಬಾಯಿ ಬರುವುದಿಲ್ಲ. ಬೆಳಗಿನಿಂದ ಐವತ್ತೆರಡು ಬಸುರಿಯರ ತೂಕ ನೋಡಿ ಕಾಲುಗಳು ಬಾತುಕೊಂಡಿವೆ. ಈಗಷ್ಟೇ ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ ಕೂತಿದ್ದೇನೆ. ಹನ್ನೆರಡು ವರ್ಷದ ನಿನಗೆ ಇದನ್ನೆಲ್ಲ ಹೇಳಬೇಕೇ ಎಂದು ಒಂದು ವಾರ ಒದ್ದಾಡಿದೆ. ಇನ್ನು ಮುಚ್ಚಿಡಲು ನನ್ನ ಕೈಲಾಗದು.

ಕಳೆದ ಮಂಗಳವಾರ ಮಕ್ಕಳ ಡಾಕ್ಟರು ನಿನ್ನ ತೂಕ ನೋಡಿ, ನಾನು ಬಸುರಿಯಾಗಿದ್ದಾಗಿನ ಕಾರ್ಡು ಕೇಳಿದರಲ್ಲ? ಆ ಒಂಬತ್ತು ತಿಂಗಳಲ್ಲಿ ತಾಯಿಯ ತೂಕ ಮಿತಿಮೀರಿ ಏರಿದರೆ ಮಗುವಿಗೂ ಮುಂದೆ ಮೈ ಬರುವ ಸಂಭವ ಹೆಚ್ಚು, ಅದಕ್ಕೇ ಕೇಳಿದ್ದು. ಏರಿದ ತೂಕ ಹನ್ನೊಂದು ಕಿಲೋ ಎಂದಿತ್ತು ಕಾರ್ಡಿನಲ್ಲಿ. "ಅಮ್ಮಂದು ಸರಿಯಾಗೇ ಇದೆ. ಹಾಗಾದ್ರೆ ಬಾಯಿ ಕಟ್ಟಬೇಕಾದ್ದು ನೀನೇ," ಎಂದರು ನಿನಗೆ. ನೀನು ತಲೆ ತಗ್ಗಿಸಿದೆ. ನಾನು ಪಕ್ಕದಲ್ಲೇ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದೆ.

ಆ ಹನ್ನೊಂದು ಸುಳ್ಳು, ಮಗಳೇ. ನಿಜವಾಗಿ ಏರಿದ್ದು ಇಪ್ಪತ್ತೆರಡು.

ಮೊದಲ ಮೂರು ತಿಂಗಳು ಹೊಟ್ಟೆಯಲ್ಲಿ ನೀರೂ ನಿಲ್ಲಲಿಲ್ಲ. ಆಮೇಲೆ ಶುರುವಾಯಿತು ನೋಡು ಹಸಿವು. ಮನೆಯಲ್ಲಿ ಅಜ್ಜಿ, ಎರಡು ಜೀವ ಎನ್ನುತ್ತ ತಟ್ಟೆ ಖಾಲಿಯಾಗಲು ಬಿಡುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ನಿಂತು ನಿಂತು ಸುಸ್ತಾದಾಗಲೆಲ್ಲ ಪರದೆಯ ಹಿಂದೆ ಹೋಗಿ ಬನ್ನು ತಿನ್ನುತ್ತಿದ್ದೆ. ಒಂದಲ್ಲ, ಮೂರು. ಬಾಯಿ ಒರೆಸಿಕೊಂಡು ಬಂದು, ತಿಂಗಳಿಗೆ ಇಷ್ಟೇ ಏರಬೇಕಮ್ಮ ಎಂದು ಮುಂದಿನ ಹೆಂಗಸನ್ನು ಗದರುತ್ತಿದ್ದೆ. ಅಂಥವಳು ನನ್ನ ತೂಕವನ್ನು ಯಾವ ಮುಖ ಹೊತ್ತು ತೋರಿಸಲಿ? ಜೊತೆಯ ನರ್ಸು ಕರೆದಾಗಲೆಲ್ಲ ನಾನೇ ನೋಡಿಕೊಳ್ಳುತ್ತೇನೆ ಎಂದು, ನನ್ನ ಕಾರ್ಡನ್ನು ನಾನೇ ತುಂಬಿದೆ. ಊದಿಕೊಂಡಿದ್ದು ಕಣ್ಣಿಗೆ ಹೊಡೆಯುತ್ತಿದ್ದರೂ, ನಮ್ಮವಳೇ ಎಂದು ಯಾರೂ ಕೆದಕಲಿಲ್ಲ. ಹುಟ್ಟಿದಾಗ ನೀನು ನಾಲ್ಕೂಕಾಲು ಕಿಲೋ ಇದ್ದೆ. ಎಲ್ಲರೂ ಭೇಷ್ ಎಂದರು, ನಾನೂ ಬೀಗಿದೆ.

ಅದೊಂದರಿಂದಲೇ ನಿನಗೆ ಮೈ ಬಂತೆಂದು ಯಾರೂ ಹೇಳಲಾರರು. ಆದರೆ ತಪ್ಪನ್ನೆಲ್ಲ ನಿನ್ನ ತಲೆಗೆ ಕಟ್ಟಿದ್ದು ನನ್ನ ಸುಳ್ಳು. ಅವತ್ತಿನಿಂದ ನಿನ್ನ ಊಟದ ಡಬ್ಬಿ ತುಂಬಿದ್ದು ತುಂಬಿದಂತೆಯೇ ವಾಪಸ್ಸು ಬರುತ್ತಿದೆ. ನಿನ್ನೆ ಆಟದ ಮೈದಾನದಲ್ಲಿ ತಲೆ ಸುತ್ತಿ ಕುಸಿದೆಯೆಂದು ಟೀಚರು ಫೋನು ಮಾಡಿದರು. ಕರೆದುಕೊಂಡು ಬರುವಾಗ ದಾರಿಯಲ್ಲಿ ಕೇಳಿದೆಯಲ್ಲ, "ಅಮ್ಮ, ನಾನು ಚಿಕ್ಕೋಳಿದ್ದಾಗ ಕದ್ದು ತಿಂತಿದ್ನಾ?" ಎಂದು. ಇಲ್ಲ, ಕಂದ. ಕದ್ದು ತಿಂದವಳು ನಾನು. ನಿನ್ನೆಯೇ ಇದನ್ನು ಹೇಳಲು ನನಗೆ ಧೈರ್ಯ ಸಾಲಲಿಲ್ಲ.

ಇವತ್ತು ಡ್ಯೂಟಿಗೆ ಮೊದಲು ಆ ಡಾಕ್ಟರ ಹತ್ತಿರ ಹೋಗಿ ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದಿಟ್ಟರು, ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಬೆಳೆಯುವ ಹುಡುಗಿ ಹಸಿದಿರಬಾರದು, ನಾಳೆ ಕರೆದುಕೊಂಡು ಬನ್ನಿ, ಏನು ತಿನ್ನಬೇಕು, ಎಷ್ಟು ಓಡಾಡಬೇಕು ಎಂದು ಇಬ್ಬರಿಗೂ ಸೇರಿಸಿಯೇ ಹೇಳುತ್ತೇನೆ ಎಂದರು. ಇನ್ನು ನಮ್ಮ ಹಿರಿಯ ನರ್ಸಿಗೆ ಹೇಳಬೇಕು. ಅವರು ಚೆನ್ನಾಗಿಯೇ ಮಂಗಳಾರತಿ ಎತ್ತುತ್ತಾರೆ, ಎತ್ತಲಿ. ಹನ್ನೆರಡು ವರ್ಷ ಮುಚ್ಚಿಟ್ಟುಕೊಂಡು ನನಗೂ ಸಾಕಾಗಿದೆ.

ಇದನ್ನು ಓದಿದ ಮೇಲೆ ನನ್ನ ಮೇಲೆ ನಿನಗೆ ಸಿಟ್ಟು ಬರುತ್ತದೆ. ಬರಲಿ. ಮಾತು ಬಿಡು, ಬಾಗಿಲು ಹಾಕಿಕೋ, ನಾನು ತಡೆದುಕೊಳ್ಳುತ್ತೇನೆ. ಆದರೆ ಮೊದಲು ಉಣ್ಣು. ಉಂಡು ಸಿಟ್ಟು ಮಾಡು.

ನಿನ್ನ ಹೊಟ್ಟೆ ತಣ್ಣಗಿರಲಿ.

ನಿನ್ನ ಅಮ್ಮ