ತಲೆಗೊಂದು ಬಕೆಟ್ ಮತ್ತು ನನ್ನ ತಂಗಿಯ ಬುಧವಾರ

ನಗರ ನೀರು ಸರಬರಾಜು ಕಚೇರಿಯ ಮುಖ್ಯ ಅಧಿಕಾರಿಗಳಿಗೆ,

ಭಾನುವಾರ ನೆನೆದು, ಇಷ್ಟರಲ್ಲಿ ಒಣಗಿರಬಹುದಾದ ಮಾನ್ಯರೇ,

ಭಾನುವಾರ ಬೆಳಿಗ್ಗೆ ಹತ್ತೂಕಾಲಿಗೆ ಆಟದ ಮೈದಾನದ ವೇದಿಕೆಯಲ್ಲಿ, ಕಿಡ್ನಿ ರೋಗಿಗಳ ಸಹಾಯಾರ್ಥವಾಗಿ, ತಾವು ಒಂದು ಬಕೆಟ್ ಐಸ್ ನೀರನ್ನು ತಲೆಯ ಮೇಲೆ ಸುರಿಸಿಕೊಂಡಿರಿ. ಆ ನೀರು ಸೋಮವಾರ ಬೆಳಿಗ್ಗೆ ಡಯಾಲಿಸಿಸ್ ಕೇಂದ್ರದ ಸಂಪಿಗೆ ಹೋಗಬೇಕಾಗಿದ್ದ ನೀರು. ಸೋಮವಾರ ನನ್ನ ತಂಗಿಗೆ ನಾಲ್ಕು ಗಂಟೆಯ ಬದಲು ಎರಡೇ ಗಂಟೆ ಡಯಾಲಿಸಿಸ್ ಆಯಿತು. ಇವತ್ತು ಬುಧವಾರ, ನೀರಿಲ್ಲದೆ ಡಯಾಲಿಸಿಸ್ ಆಗಲೇ ಇಲ್ಲ. ಈ ಪತ್ರವನ್ನು ಅವಳ ಹೊಲಿಗೆ ಯಂತ್ರದ ಮೇಲೆ ಕಾಗದ ಇಟ್ಟುಕೊಂಡು ಬರೆಯುತ್ತಿದ್ದೇನೆ. ಅವಳು ಪಕ್ಕದ ಕುರ್ಚಿಯಲ್ಲಿ ಬೆನ್ನಿಗೆ ಎರಡು ದಿಂಬು ಕೊಟ್ಟುಕೊಂಡು ಕೂತೇ ನಿದ್ದೆ ಮಾಡುತ್ತಿದ್ದಾಳೆ. ಮಲಗಿದರೆ ಉಸಿರು ಕಟ್ಟುತ್ತದೆ.

ನಾನು ಯಾರು ಎಂದು ತಾವು ಕೇಳಬಹುದು. ಗಡಿಯಾರ ರಿಪೇರಿ ಮಾಡಿಕೊಂಡು ನಲವತ್ತು ವರ್ಷ ಬದುಕಿದವನು. ಹೆಂಡತಿ ಹೋಗಿ ಆರು ವರ್ಷ ಆಯಿತು. ಆಮೇಲೆ ಅಂಗಡಿ ಮುಚ್ಚಿ, ಒಂಟಿಯಾಗಿದ್ದ ತಂಗಿಯನ್ನು ಮನೆಗೆ ಕರೆತಂದೆ. ಅವಳು ಶಾಲಾ ಮಕ್ಕಳ ಸಮವಸ್ತ್ರ ಹೊಲಿಯುತ್ತಾಳೆ. ವಾರಕ್ಕೆ ಮೂರು ದಿನ, ಸೋಮವಾರ ಬುಧವಾರ ಶುಕ್ರವಾರ, ಅವಳ ರಕ್ತವನ್ನು ಮೆಷಿನ್ನು ತೊಳೆದುಕೊಡುತ್ತದೆ. ನಾನು ಹೊರಗೆ ಬೆಂಚಿನ ಮೇಲೆ ಕೂತು ಗೋಡೆ ಗಡಿಯಾರ ನೋಡುತ್ತೇನೆ. ಅದು ಏಳು ನಿಮಿಷ ಹಿಂದಿದೆ. ಸರಿ ಮಾಡಿಕೊಡುತ್ತೇನೆ ಎಂದು ಎರಡು ವರ್ಷದಿಂದ ಹೇಳುತ್ತಿದ್ದೇನೆ, ಏಣಿ ಸಿಗುತ್ತಿಲ್ಲ.

ಒಂದು ವರ್ಷ ಕಾಲೇಜಿಗೂ ಹೋಗಿದ್ದೆ. ಅಲ್ಲಿ ಕಲಿತದ್ದರಲ್ಲಿ ಉಳಿದಿರುವುದು ಅರ್ಜಿ ಬರೆಯುವ ಇಂಗ್ಲಿಷ್ ಒಂದೇ. 'ಐ ಬೆಗ್ ಟು ಲೇ ದಿ ಫಾಲೋಯಿಂಗ್ ಫ್ಯೂ ಲೈನ್ಸ್ ಫಾರ್ ಯುವರ್ ಕೈಂಡ್ ಕನ್ಸಿಡರೇಷನ್' ಅಂತ ಶುರುವಾಗಿ 'ಯುವರ್ಸ್ ಮೋಸ್ಟ್ ಒಬಿಡಿಯಂಟ್ಲಿ' ಅಂತ ಮುಗಿಯುತ್ತದೆ. ನಡುವೆ ಏನು ಬರೆಯಬೇಕು ಅನ್ನುವುದನ್ನು ಮೇಷ್ಟ್ರು ಎರಡನೇ ವರ್ಷಕ್ಕೆ ಇಟ್ಟುಕೊಂಡಿದ್ದರೋ ಏನೋ. ಈ ಇಂಗ್ಲಿಷಿನ ಸುದ್ದಿಗೆ ಮತ್ತೆ ಬರುತ್ತೇನೆ. ಬರಲೇಬೇಕಾಗಿದೆ.

ನೀರಿನ ಇಲಾಖೆಯನ್ನು ನಡೆಸುವ ತಮಗೆ ಒಂದು ವಿಚಿತ್ರ ತಿಳಿಸುತ್ತೇನೆ. ಈ ಊರಿನಲ್ಲಿ ಎಲ್ಲರಿಗಿಂತ ಕಡಿಮೆ ನೀರು ಕುಡಿಯುವವಳು ನನ್ನ ತಂಗಿ. ದಿನಕ್ಕೆ ಏಳುನೂರು ಮಿಲಿಲೀಟರ್. ಚಹಾ, ಸಾರು, ಮಾತ್ರೆ ನುಂಗುವ ಗುಟುಕು ಎಲ್ಲ ಸೇರಿ. ಕುಡಿದದ್ದು ಮೆಷಿನ್ ತೆಗೆಯುವವರೆಗೆ ಅವಳ ಮೈಯಲ್ಲೇ ನಿಲ್ಲುತ್ತದೆ. ಡಾಕ್ಟರು ಹೇಳಿದ ದಿನವೇ ಅವಳು ಒಂದು ಬಾಟಲಿಯ ಮೈಗೆ ತನ್ನ ಹಳೆಯ ಇಂಚು ಟೇಪಿನ ತುಂಡು ಅಂಟಿಸಿದಳು. ಅವತ್ತಿನಿಂದ ಅವಳು ಕುಡಿಯುವುದು ಇಂಚಿನ ಲೆಕ್ಕದಲ್ಲಿ. ಸಂಜೆ "ಅಣ್ಣಾ, ಇವತ್ತು ಇನ್ನೂ ಒಂದೂವರೆ ಇಂಚು ಇದೆ, ನಾನು ಶ್ರೀಮಂತೆ" ಅನ್ನುತ್ತಾಳೆ. ತೀರಾ ಬಾಯಾರಿದರೆ ಒಂದು ತುಂಡು ಐಸ್ ಚೀಪುತ್ತಾಳೆ. ಆದರೆ ಅವಳ ಒಂದು ಡಯಾಲಿಸಿಸ್‌ಗೆ ಮೆಷಿನ್ನಿಗೆ ನೂರಿಪ್ಪತ್ತು ಲೀಟರ್ ಶುದ್ಧ ನೀರು ಬೇಕು. ಅಷ್ಟು ಶುದ್ಧ ನೀರು ಬರಬೇಕಾದರೆ ಅದರ ಎರಡರಷ್ಟು ಸಂಪಿನಿಂದ ಎತ್ತಬೇಕು. ಇದನ್ನು ನನಗೆ ಹೇಳಿದ್ದು ಮೆಷಿನ್ ನೋಡಿಕೊಳ್ಳುವ ಹೆಂಗಸು. ಎಲ್ಲಿ ಬೀಪ್ ಅಂದರೂ ಓಡುವುದರಿಂದ ನಾವೆಲ್ಲ ಆಕೆಯನ್ನು ಬೀಪಕ್ಕ ಅನ್ನುತ್ತೇವೆ. ನಲ್ಲಿಯಲ್ಲಿ ನೀರು ನಿಂತ ಮೇಲೆ ಕೇಂದ್ರಕ್ಕೆ ಸೋಮವಾರ ಒಂದು, ಗುರುವಾರ ಒಂದು ಟ್ಯಾಂಕರ್ ಎಂದು ತಾವೇ ಸರದಿ ಗೊತ್ತು ಮಾಡಿದಿರಿ. ಒಂದು ಟ್ಯಾಂಕರ್ ಅಂದರೆ ಇಪ್ಪತ್ತೈದು ಡಯಾಲಿಸಿಸ್, ನಾಲ್ಕು ಮೆಷಿನ್ನಿಗೆ ಮೂರು ದಿನ.

ಹೀಗಿರುವಾಗ ನಮ್ಮ ಬೀದಿಯ ಔಷಧಿ ಅಂಗಡಿಯವರಿಗೆ ಒಂದು ಒಳ್ಳೆಯ ಬುದ್ಧಿ ಹುಟ್ಟಿತು. ಕೇಂದ್ರಕ್ಕೆ ಐದನೇ ಮೆಷಿನ್ ಕೊಡಿಸಬೇಕು, ಅದಕ್ಕೆ 'ತಲೆಗೊಂದು ಬಕೆಟ್' ಎಂಬ ಕಾರ್ಯಕ್ರಮ. ದೇಣಿಗೆ ಕೊಡಿ, ತಲೆಗೆ ಐಸ್ ನೀರು ಸುರಿಸಿಕೊಳ್ಳಿ, ವಿಡಿಯೋ ಹಾಕಿ, ಇನ್ನು ಮೂವರನ್ನು ಕರೆಯಿರಿ. ಆ ಮನುಷ್ಯ ಕೆಟ್ಟವರಲ್ಲ. ತಂಗಿಯ ಮಾತ್ರೆಗಳನ್ನು ಮನೆಗೇ ತಂದುಕೊಡುತ್ತಾರೆ. ಅವರಿಗೆ ಒಂದೇ ತೊಡಕಿತ್ತು: ಸಭೆ ಸಮಾರಂಭಗಳಿಗೆ ಟ್ಯಾಂಕರ್ ಇಲ್ಲ, ಆಸ್ಪತ್ರೆಗಳಿಗೆ ಮಾತ್ರ ಎಂದು ತಾವು ಆದೇಶ ಹೊರಡಿಸಿದ್ದಿರಿ. ಒಳ್ಳೆಯ ಆದೇಶ. ಅದನ್ನು ಹೊರಡಿಸಿದವರೇ ಸಮಾರಂಭದ ಮುಖ್ಯ ಅತಿಥಿ! ಟ್ಯಾಂಕರ್ ತಮ್ಮ ಕಾರಿನ ಪಕ್ಕದಲ್ಲೇ ನಿಂತಿತ್ತು. ಇದು ಯಾವ ಆಸ್ಪತ್ರೆ, ಛಾವಣಿ ಎಲ್ಲಿ, ಹಾಸಿಗೆ ಎಲ್ಲಿ ಎಂದು ತಮಗೆ ಒಂದು ಕ್ಷಣವೂ ಅನ್ನಿಸಲಿಲ್ಲವೇ?

ಸುಳ್ಳು ಹೇಳಲಾರೆ, ಕಾರ್ಯಕ್ರಮ ಜೋರಾಗಿತ್ತು. ಇನ್ನೂರಕ್ಕೂ ಹೆಚ್ಚು ಜನ. ತಾವು ನಡುಗುತ್ತಾ "ಇನ್ನೊಂದು!" ಅಂದಾಗ ಚಪ್ಪಾಳೆ ತಟ್ಟಿದವರಲ್ಲಿ ನಾನೂ ಒಬ್ಬ. ನನ್ನ ತಲೆಗೂ ಒಂದು ಬಕೆಟ್ ಬಿತ್ತು. ಆ ಬಿಸಿಲಿಗೆ ಹಾಯೆನಿಸಿತು. ಬಕೆಟ್‌ಗಳು ಮುಗಿದ ಮೇಲೂ ಟ್ಯಾಂಕರಿನಲ್ಲಿ ಕಾಲುಭಾಗಕ್ಕಿಂತ ಹೆಚ್ಚು ನೀರಿತ್ತು. ಅದರಲ್ಲಿ ಮೈದಾನದ ಧೂಳು ಅಡಗಿಸಿ, ವೇದಿಕೆಯನ್ನೂ ತೊಳೆದರು. ತಂಗಿಯನ್ನು 'ನಮ್ಮ ಫಲಾನುಭವಿ' ಅಂತ ಮುಂದಿನ ಸಾಲಿನಲ್ಲಿ ಕೂರಿಸಿದ್ದರು. ಅವಳು ವೇದಿಕೆ ನೋಡುತ್ತಿರಲಿಲ್ಲ. ಐಸಿನ ರಾಶಿ ನೋಡುತ್ತಿದ್ದಳು.

"ಅಣ್ಣಾ, ಅಷ್ಟೂ ನೆಲಕ್ಕೇನಾ?"

"ಒಳ್ಳೆ ಕೆಲಸಕ್ಕಮ್ಮ."

"ಒಂದು ಚೂರು ತಂದುಕೊಡೋ. ಯಾರಿಗೂ ಗೊತ್ತಾಗಲ್ಲ."

ಐಸಿನ ಹತ್ತಿರ ನಿಂತಿದ್ದ ಕಾರ್ಯಕರ್ತ "ಸಾರ್, ಇದು ಪ್ರೋಗ್ರಾಮಿಗೆ, ತಿನ್ನೋಕಲ್ಲ" ಅಂದ. ಪಾಪ, ಅವನಿಗೇನು ಗೊತ್ತು. ಅವನು ಆ ಕಡೆ ತಿರುಗಿದಾಗ ಬೆರಳುದ್ದದ ತುಂಡೊಂದನ್ನು ಕರವಸ್ತ್ರದಲ್ಲಿ ಸುತ್ತಿ ತಂದೆ. ಅದನ್ನು ಬಾಯಲ್ಲಿಟ್ಟುಕೊಂಡು ಅವಳು ಕಣ್ಣು ಮುಚ್ಚಿದಳು. ನಾಲ್ಕು ಹೆಜ್ಜೆ ಆಚೆ ತಮ್ಮ ಎರಡನೇ ಬಕೆಟ್ ಸುರಿಯುತ್ತಿತ್ತು.

ಮೂವತ್ತು ವರ್ಷ ನನ್ನ ಮನೆಯ ನೀರು ಸರಬರಾಜು ಅಧಿಕಾರಿ ನನ್ನ ಹೆಂಡತಿ. ಬಚ್ಚಲಿನ ವಾಲ್ವು ಹೊರಗಡೆ ಗೋಡೆಯಲ್ಲಿತ್ತು. ನಾನು ಒಳಗೆ ಹಾಡು ಶುರು ಮಾಡಿದರೆ ಎರಡನೇ ಸಾಲಿಗೆ ಅವಳು ವಾಲ್ವು ತಿರುಗಿಸುತ್ತಿದ್ದಳು. ಸೋಪು ಮೆತ್ತಿದ ಮುಖದಲ್ಲಿ ಕೂಗಿಕೊಂಡರೆ "ಹಾಡು ಮುಗೀತಾ? ಹಾಗಾದರೆ ಬಿಡ್ತೀನಿ" ಅನ್ನುವಳು. ಅವಳಿದ್ದಿದ್ದರೆ ಮೈದಾನಕ್ಕೆ ಹೋಗಿ ಬಂದವನನ್ನು ಒಂದು ಮಾತು ಕೇಳುತ್ತಿದ್ದಳು: "ಆ ನೀರು ಎಲ್ಲಿಂದ ಬಂತು?" ನಾನು ಕೇಳಲಿಲ್ಲ. ತಲೆ ಒರೆಸಿಕೊಂಡು ಊಟ ಮಾಡಿದೆ.

ಉತ್ತರ ಸೋಮವಾರ ಸಿಕ್ಕಿತು. ಬೆಳಿಗ್ಗೆ ಏಳಕ್ಕೆ ನಾವು ಹೋದಾಗ ಬೀಪಕ್ಕ ಸಂಪಿನ ಮುಚ್ಚಳ ತೆಗೆದು ಕೋಲು ಇಳಿಸಿ ನೋಡುತ್ತಿದ್ದಳು. ಟ್ಯಾಂಕರ್ ಬಂದಿರಲಿಲ್ಲ. ತಳದಲ್ಲಿದ್ದ ನೀರನ್ನು ಎಲ್ಲರಿಗೂ ಹಂಚಿ ತಲಾ ಎರಡು ಗಂಟೆ ಮಾಡಿದಳು. ತಂಗಿಯನ್ನು ಮೆಷಿನ್ನಿಗೆ ಹಾಕಿಸಿ ನಾನು ತಮ್ಮ ಕಚೇರಿಗೆ ಓಡಿದೆ. ತಾವು ಇರಲಿಲ್ಲ, ನೆಗಡಿ ಅಂದರು. ಕೌಂಟರಿನಲ್ಲಿದ್ದ ಹೆಣ್ಣುಮಗಳು ಪಟ್ಟಿ ನೋಡಿ ಹೇಳಿದಳು:

"ಡಯಾಲಿಸಿಸ್ ಸೆಂಟರ್ ಸರದಿ ನಿನ್ನೇನೇ ಆಯ್ತಲ್ಲ ಅಂಕಲ್."

"ಎಲ್ಲಾಯ್ತು?"

"ಗ್ರೌಂಡಲ್ಲಿ."

"ಗ್ರೌಂಡಲ್ಲಿ ಯಾರಾದರೂ ಡಯಾಲಿಸಿಸ್ ಮಾಡ್ತಾರೇನಮ್ಮಾ?"

"ನಂಗೊತ್ತಿಲ್ಲ ಅಂಕಲ್. ಸೋಮವಾರದ ಟ್ಯಾಂಕರನ್ನ ಭಾನುವಾರ ಗ್ರೌಂಡಿಗೆ ಕಳಿಸಿ ಅಂತ ಸೆಂಟರಿನ ಹೆಸರಲ್ಲೇ ಅರ್ಜಿ ಬಂದಿದೆ. ಸಾಹೇಬರು ಮಂಜೂರು ಮಾಡಿದಾರೆ. ಬೇಕಿದ್ದರೆ ನೋಡಿ, ರೋಗಿ ಕಡೆಯವರ ಸಹಿನೂ ಇದೆ."

ಅರ್ಜಿಯನ್ನು ನನ್ನ ಕಡೆ ತಿರುಗಿಸಿದಳು. ಮೊದಲ ಸಾಲು: ಐ ಬೆಗ್ ಟು ಲೇ ದಿ ಫಾಲೋಯಿಂಗ್ ಫ್ಯೂ ಲೈನ್ಸ್.

ಹೌದು ಮಾನ್ಯರೇ. ಕೈಬರಹ ನನ್ನದು, ಸಹಿ ನನ್ನದು. ಔಷಧಿ ಅಂಗಡಿಯವರು ಹದಿನೈದು ದಿನದ ಹಿಂದೆ ಮನೆಗೆ ಬಂದು "ನೀವು ಕಾಲೇಜು ಕಂಡವರು, ನೀವೇ ಬರೆದುಕೊಡಿ. ಸೆಂಟರಿನ ಹೆಸರಲ್ಲಿ ಕೇಳಿದರೆ ಮಾತ್ರ ಕೊಡ್ತಾರಂತೆ. ಒಂದು ದಿನ ಮುಂಚೆ ಅಂತ ಹಾಕಿ, ಅವರಿಗೆ ಸೋಮವಾರ ಹೇಗಿದ್ರೂ ಇನ್ನೊಂದು ಬಂದೇ ಬರುತ್ತೆ" ಅಂದರು. ಬಂದೇ ಬರುತ್ತದೆ ಎಂದು ಯಾರು ಹೇಳಿದರು ಎಂದು ನಾನು ಕೇಳಲಿಲ್ಲ. ನನ್ನ ಇಂಗ್ಲಿಷ್ ಯಾರಿಗಾದರೂ ಬೇಕಾಗಿ ನಲವತ್ತಾರು ವರ್ಷವಾಗಿತ್ತು. ಉಬ್ಬಿಹೋದೆ. ಎರಡು ಸಲ ಬರೆದು ಹರಿದು, ಮೂರನೇ ಸಲ ಒಳ್ಳೆಯ ಕಾಗದದಲ್ಲಿ ಬರೆದೆ. ತಂಗಿ ಟೀ ಮಾಡಿ ತಂದು "ಏನಣ್ಣ ಅಷ್ಟು ಮುತುವರ್ಜಿ, ಮದುವೆ ಪತ್ರಿಕೆನಾ?" ಎಂದು ಗೇಲಿ ಮಾಡಿದಳು. ಟೀ ನನಗೆ ಮಾತ್ರ. ಅವಳ ಬಾಟಲಿಯಲ್ಲಿ ಅವತ್ತು ಉಳಿದಿದ್ದು ಮುಕ್ಕಾಲು ಇಂಚು.

ಕೌಂಟರಿನವಳ ಮೇಲೆ ನನಗೆ ಸಿಟ್ಟಿಲ್ಲ. "ನಮ್ಮನೇಲೂ ನೀರು ಬಂದು ಆರು ದಿನ ಆಯ್ತು ಅಂಕಲ್" ಅಂದಳು. ಗುರುವಾರದ ಟ್ಯಾಂಕರಾದರೂ ಬರುತ್ತದಾ ಅಂದೆ. "ಬರಬಹುದು" ಅಂದಳು. ಮನೆಗೆ ನಡೆದು ಬರುವಷ್ಟು ಹೊತ್ತೂ ಆ 'ಬರಬಹುದು' ನನ್ನ ಜೊತೆಗೇ ಬಂತು.

ಕ್ಷೌರದ ಅಂಗಡಿಯ ಗೆಳೆಯ ನನ್ನ ಕಥೆ ಕೇಳಿ ನಕ್ಕ. "ಏನಯ್ಯಾ ಗಡಿಯಾರ, ಬಕೆಟ್ ಬಕೆಟ್ ಅಂತ ಬಡ್ಕೋತೀಯ. ಮೂಲೆಮನೆ ಹತ್ತಿರ ಪೈಪು ಮೂರು ವಾರದಿಂದ ಸೋರ್ತಿದೆ. ಅದರ ಕೆಳಗೆ ನಿಂತು ಯಾರೂ ಫೋಟೋ ತೆಗೆಸಿಕೊಂಡಿಲ್ಲ, ಅದಕ್ಕೇ ನಿನ್ನ ಕಣ್ಣಿಗೆ ಬಿದ್ದಿಲ್ಲ." ಅವನು ಹೇಳುವುದು ಸರಿ. ಒಂದು ಬಕೆಟ್‌ನಿಂದ ಬರ ಬರುವುದಿಲ್ಲ, ಒಂದು ಬಕೆಟ್ ಉಳಿಸಿದರೆ ಹೋಗುವುದೂ ಇಲ್ಲ. ಅವತ್ತು ಸೇರಿದ ದೇಣಿಗೆಯೂ ನಿಜ. ಅದುವರೆಗೆ ಕಿಡ್ನಿ ಎಡಕ್ಕಿದೆಯೋ ಬಲಕ್ಕಿದೆಯೋ ಗೊತ್ತಿಲ್ಲದವರು ತಂಗಿಯ ಪಕ್ಕ ಕೂತು "ನೋವಾಗುತ್ತಾ?" ಎಂದು ಕೇಳಿದರು. ಅದನ್ನು ನಾನು ತಳ್ಳಿಹಾಕಲಾರೆ. ಐದನೇ ಮೆಷಿನ್ ಬರಲಿ, ಆರನೆಯದೂ ಬರಲಿ. ಆದರೆ ಅವು ಚೆಕ್ಕಿನ ಫೋಟೋ ಕುಡಿದು ಓಡುವುದಿಲ್ಲ ಸ್ವಾಮಿ, ನೀರು ಕುಡಿದು ಓಡುತ್ತವೆ. ಬಾಯಾರಿದವರಿಗೆ ಲೋಟ ಕೊಡಿಸುತ್ತೇವೆ ಎಂದು ಅವರ ಕೊಡವನ್ನೇ ನಮ್ಮ ತಲೆಗೆ ಬಗ್ಗಿಸಿಕೊಂಡೆವಲ್ಲ, ಇದಕ್ಕೆ ಪೋಲು ಅನ್ನುವ ಪದ ಸಾಕಾಗುತ್ತದೆಯೇ? ಉದ್ದೇಶ ಒಳ್ಳೆಯದಿದ್ದರೆ ನೀರು ಹಿಂದಕ್ಕೆ ಹರಿಯುತ್ತದೆಯೇ? ಮುಖ್ಯ ಅತಿಥಿಯಾಗಿ ಒದ್ದೆಯಾದ ತಾವು ಅಧಿಕಾರಿಯಾಗಿ ಒಂದು ಫೋನ್ ಮಾಡಿ, "ಸೋಮವಾರದ ಸರದಿ ಮುಟ್ಟಬೇಡಿ" ಎಂದಿದ್ದರೆ ಸಾಕಿತ್ತು. ನಾನು ಒಂದು ಪ್ರಶ್ನೆ ಕೇಳಿದ್ದರೂ ಸಾಕಿತ್ತು. ನಾವಿಬ್ಬರೂ ಸಂಭ್ರಮದಲ್ಲಿದ್ದೆವು.

ತಂಗಿಗೆ ಆ ಸಹಿಯ ವಿಷಯ ನಾನಿನ್ನೂ ಹೇಳಿಲ್ಲ. ಬಾಯಿ ಬರುತ್ತಿಲ್ಲ. ಈ ಪತ್ರವನ್ನು ನಮ್ಮೂರ ದಿನಪತ್ರಿಕೆಗೂ ಕೊಡುತ್ತಿದ್ದೇನೆ. ಅದರ ಸಂಪಾದಕರ ಕೈಗಡಿಯಾರವನ್ನು ಎರಡು ಸಲ ಬದುಕಿಸಿದ್ದೇನೆ, ಆ ದಾಕ್ಷಿಣ್ಯಕ್ಕೆ ನಾಳೆಯೇ ಅಚ್ಚು ಹಾಕುತ್ತಾರಂತೆ. ಅವಳು ದಿನಪತ್ರಿಕೆಯನ್ನು ಮೊದಲು ಓದುತ್ತಾಳೆ, ಆಮೇಲೆ ಅದರಲ್ಲೇ ತೋಳಿನ ಅಳತೆ ಕತ್ತರಿಸುತ್ತಾಳೆ. ನಾಳೆ ಇದನ್ನೂ ಓದುತ್ತಾಳೆ. ಕತ್ತರಿ ಕೈಯಲ್ಲಿರುವಾಗ ಓದದಿದ್ದರೆ ಸಾಕು.

ನನ್ನ ಬೇಡಿಕೆ ಇಷ್ಟೇ. ನಾಳೆ ಗುರುವಾರದ ಟ್ಯಾಂಕರ್ 'ಬರಬಹುದು' ಅಲ್ಲ, ಬರಬೇಕು. ಶುಕ್ರವಾರ ಬೆಳಿಗ್ಗೆ ಏಳಕ್ಕೆ ಅವಳನ್ನು ಮೆಷಿನ್ನಿಗೆ ಹಾಕದಿದ್ದರೆ ಏನಾಗುತ್ತದೆ ಎಂದು ಬೀಪಕ್ಕನನ್ನು ಕೇಳಿದೆ. ಬೀಪಕ್ಕ ಗೋಡೆ ಗಡಿಯಾರ ನೋಡಿದಳು. ಭಾನುವಾರ ನಾವು ಸುರಿದುಕೊಂಡ ಟ್ಯಾಂಕರನ್ನೂ ಬೇರೆಯಾಗಿ ಹಿಂದಿರುಗಿಸಬೇಕು. ಎಲ್ಲಿಂದ ತರಲಿ ಅನ್ನುವಿರಾದರೆ ನನ್ನ ಮನೆಯ ಸರದಿಯಿಂದ ಶುರು ಮಾಡಿ, ತಮ್ಮ ಬಂಗಲೆಯ ಸರದಿಯನ್ನು ಸೇರಿಸಿಕೊಳ್ಳಿ. ಇನ್ನು ಮುಂದೆ ದಾನದ ಕಾರ್ಯಕ್ರಮ ಮಾಡುವವರು ಬಕೆಟ್ ತುಂಬಿಕೊಂಡು ಕೇಂದ್ರಕ್ಕೆ ಬಂದು ಸಂಪಿನ ಬಾಯಿಗೆ ಸುರಿಯಲಿ. ಫೋಟೋ ಅಲ್ಲೂ ಚೆನ್ನಾಗಿ ಬರುತ್ತದೆ, ಬೆಳಕು ಪೂರ್ವದಿಂದ ಬೀಳುತ್ತದೆ. ತಮ್ಮದು ಎರಡು ಬಕೆಟ್ ಬಾಕಿ, ನನ್ನದು ಒಂದು. ನನ್ನದನ್ನು ನಾಳೆ ಬೆಳಿಗ್ಗೆ ಹೊತ್ತು ತರುತ್ತೇನೆ. ಸಂಪಿನ ಹತ್ತಿರ ಆರೂಮುಕ್ಕಾಲಿಗೆ ಕಾದಿರುತ್ತೇನೆ. ಅಲ್ಲಿಯ ಗಡಿಯಾರ ನಂಬಬೇಡಿ, ತಮ್ಮದನ್ನು ನೋಡಿಕೊಂಡು ಬನ್ನಿ.

ಈಗಷ್ಟೇ ಅವಳಿಗೆ ಎಚ್ಚರವಾಯಿತು. "ಏನಣ್ಣ ಬರೀತಿದೀಯ?" ಅಂದಳು. "ಅರ್ಜಿ" ಅಂದೆ. "ಇಂಗ್ಲಿಷಲ್ಲಾ?" ಅಂದಳು. ಇಲ್ಲ ಅಂದೆ. "ಸದ್ಯ, ಹಾಗಾದರೆ ಕೆಲಸ ಆಗುತ್ತೆ ಬಿಡು" ಅಂದು ಮತ್ತೆ ಕಣ್ಣು ಮುಚ್ಚಿದಳು. ಅವಳ ಬಾಟಲಿಯಲ್ಲಿ ಇನ್ನೂ ಎರಡು ಇಂಚು ಇದೆ. ಇವತ್ತು ಅದನ್ನು ಮುಟ್ಟಲು ಅವಳಿಗೆ ಭಯ.

ಇಂತಿ,
ಹಿಂದಿನ ಅರ್ಜಿಗೂ ಇದೇ ಕೈಯಿಂದ ಸಹಿ ಹಾಕಿದ,
ಅವಳ ಅಣ್ಣ