ಫೆರಿ ಕಾಯುವ ಕಾದಂಬರಿಗಳು

ಮಾರ್ಚ್ 3, ಸೋಮವಾರ
ಲೈಬ್ರರಿಗೆ ವಾಪಸ್ ಬಂದ ಪುಸ್ತಕ ನಲವತ್ತೊಂದು. ಒಂದರೊಳಗೆ ಗುರುತಿಗೆ ಇಟ್ಟ ಚೀಸ್ ಚೂರು. ಈಸ್ಟರ್‌ಗೆಂದು ಕೊಲೆ ಕಾದಂಬರಿಗಳನ್ನು ಮುಂದಿನ ಟೇಬಲ್ಲಿಗೆ ಜೋಡಿಸಿದೆ. ರಜೆ ಬಂತೆಂದರೆ ನಮ್ಮ ನಾರ್ವೆ ಜನಕ್ಕೆ ಓದಲು ಹೆಣ ಬೇಕು.
ಹಳೆಯ ಕಪಾಟಿನಲ್ಲಿ ಯಾವ ವಿಭಾಗಕ್ಕೂ ಸೇರದ ಒಂಬತ್ತು ಕಾದಂಬರಿ ಉಳಿದವು. ಕೊಲೆ ಇಲ್ಲ, ಪ್ರೇಮ ಇಲ್ಲ. ಯಾರೋ ಎಲ್ಲೋ ಕಾಯುತ್ತ ಕೂತಿರುತ್ತಾರೆ, ಮುಗೀತು. ಐದು ವರ್ಷದಿಂದ ಯಾರೂ ಒಯ್ದಿಲ್ಲ. ರದ್ದಿಗೆ ಹಾಕು ಅಂತ ನಮ್ಮ ಲೈಬ್ರರಿ ಮುಖ್ಯಸ್ಥೆ ಟೊರುನ್ ಮೇಡಂ ಆಜ್ಞೆ. ಸುದೀರ್ಘವಾಗಿ (ನಾಲ್ಕು ನಿಮಿಷ) ಚಿಂತಿಸಿ ಸಾಹಿತ್ಯಕ್ಕೆ ಹೊಸ ಪ್ರಕಾರವೊಂದನ್ನು ದಯಪಾಲಿಸಿದೆ: "ಫೆರಿ ಕಾಯುವ ಕಾದಂಬರಿ". ನಮ್ಮೂರಲ್ಲಿ ಕಾಯುವುದೆಂದರೆ ಫೆರಿಗೆ, ಆಚೆ ದಡಕ್ಕೊಯ್ಯುವ ಹಡಗಿಗೆ. ಲೇಬಲ್ ಪ್ರಿಂಟ್ ತೆಗೆದು ಕಪಾಟಿಗೆ ಅಂಟಿಸಿದೆ.

ಮಾರ್ಚ್ 7
ಒಂಬತ್ತೂ ಖಾಲಿ! "ಇದೇ ಥರದ್ದು ಇನ್ನೂ ಇದೆಯಾ?" — ಮೂವರು ಕೇಳಿದರು. ಯುದ್ಧದ ಕಪಾಟಿನಿಂದ ನಾಲ್ಕು ಎಳೆದು ತಂದೆ. ಸೈನಿಕನೂ ಕಾಯುತ್ತಾನಲ್ಲ.
ಪ್ರಕಾರ ಅಂದಮೇಲೆ ಲಕ್ಷಣ ಬೇಕು. ಬರೆದು ತೂಗುಹಾಕಿದೆ: ನಾಯಕ ದಡದಲ್ಲಿರತಕ್ಕದ್ದು. ಫೆರಿ ಬರತಕ್ಕದ್ದಲ್ಲ.

ಮಾರ್ಚ್ 19
ಅರ್ನ್‌ಫಿನ್ ಬಂದಿದ್ದರು. ಮೂವತ್ತು ವರ್ಷ ನಮ್ಮೂರ ಫೆರಿ ನಡೆಸಿ ನಿವೃತ್ತರಾದವರು. ಕಪಾಟಿನ ಮುಂದೆ ಟೋಪಿ ತೆಗೆದು ನಿಂತುಬಿಟ್ಟರು.
"ನಾನು ಬರೆದಿದ್ದಕ್ಕೂ ಒಂದು ಹೆಸರಿದೆ ಅಂತ ಗೊತ್ತೇ ಇರಲಿಲ್ಲ ಕಣೇ."
ಹನ್ನೊಂದು ವರ್ಷ ಕೂತು ಬರೆದ ಕಾದಂಬರಿಯಂತೆ. ಓಸ್ಲೋದ ಪ್ರಕಾಶಕರು ಮೂರು ಸಲ ವಾಪಸ್ ಕಳಿಸಿದ್ದಾರೆ. ಯಾವ ಕಪಾಟಿನಲ್ಲಿ ಇಡಬೇಕೋ ತಿಳಿಯಲಿಲ್ಲ ಅಂತ. ಕಪಾಟಿನ ಫೋಟೋ, ಲಕ್ಷಣದ ಫೋಟೋ ಎರಡೂ ತೆಗೆದುಕೊಂಡರು. ತಮಾಷೆ ಅಂತ ಹೇಳಲು ಬಾಯಿ ತೆರೆದೆ... ಮುಚ್ಚಿದೆ.

ಮೇ 14
ಆ ಫೋಟೋಗಳನ್ನೂ ಜೊತೆಗಿಟ್ಟು ಕಳಿಸಿದ್ದರಂತೆ, ಪ್ರಕಾಶಕರು ಒಪ್ಪಿದ್ದಾರೆ! ಆದರೆ ಅರ್ನ್‌ಫಿನ್ ಮುಖ ಬಾಡಿದೆ. ಅವರ ಕೊನೆಯ ಪುಟದಲ್ಲಿ ಫೆರಿ ಬರುತ್ತದೆ. ತೆಗೀರಿ, ಪ್ರಕಾರಕ್ಕೆ ವಿರುದ್ಧ ಅಂದಳಂತೆ ಸಂಪಾದಕಿ.
"ಮೂವತ್ತು ವರ್ಷ ಫೆರಿ ತಂದವನು ನಾನು. ಬರಲಿಲ್ಲ ಅಂತ ಯಾವ ಕೈಯಲ್ಲಿ ಬರೀಲಿ? ಆದ್ರೂ ತೆಗೀತೀನಿ ಬಿಡು. ಲಕ್ಷಣ ಅಂದ್ರೆ ಲಕ್ಷಣ. ಶುಕ್ರವಾರ ಕಳಿಸಬೇಕು."
ಸಂಪಾದಕಿಯ ನಂಬರ್ ಕೇಳಿ ಬರೆದುಕೊಂಡೆ.

ಮೇ 15, ಬೆಳಿಗ್ಗೆ 10
ಓಸ್ಲೋಗೆ ಫೋನ್. "ಆ ಲಕ್ಷಣ ನಾನೇ ಬರೆದದ್ದು. ತಮಾಷೆಗೆ."
ಪುಸ್ತಕ ಹೋಯಿತು ಅಂದುಕೊಂಡೆ.
"ನೀವೇ ಬರೆದದ್ದು ಅಂದ್ರೆ ನೀವೇ ತಿದ್ದಬಹುದು, ಅಲ್ವೇ?" ಅಂದಳು ಸಂಪಾದಕಿ. "ಮಾರಾಟದವರು ಆಗಲೇ ಆ ಹೆಸರು ಹಿಡ್ಕೊಂಡು ಕೂತಿದ್ದಾರೆ. ಬರಹದಲ್ಲಿ ಕಳಿಸಿ. ಲೈಬ್ರರಿ ಸೀಲ್ ಇರಲಿ."
ಸೀಲ್ ಇರುವುದು ಟೊರುನ್ ಮೇಡಂ ಡ್ರಾಯರಿನಲ್ಲಿ. ದೇವರೇ.

11.30
ಬರೆದೆ: "ಫೆರಿ ತಡವಾಗಿಯಾದರೂ ಬರಬಹುದು." ಮೇಡಂ ಮುಂದೆ ನಿಂತು ಎಲ್ಲಾ ಒಪ್ಪಿಕೊಂಡೆ.
"ರದ್ದಿಗೆ ಹಾಕು ಅಂದ್ರೆ ಕಪಾಟು ಕಟ್ಟಿದ್ದೀಯ. ಭೇಷ್ ಕಣಮ್ಮ." ಕನ್ನಡಕ ಹಾಕಿಕೊಂಡು ಓದಿದರು. ಪೆನ್ನು ತೆಗೆದು "ತಡವಾಗಿಯಾದರೂ" ಹೊಡೆದುಹಾಕಿದರು. "ಅರ್ನ್‌ಫಿನ್ ಯಾವತ್ತು ತಡ ಮಾಡಿದ್ದ?"
ಸೀಲ್ ಎತ್ತಿದರು. "ಎಲ್ಲಿ ಒತ್ತಲಿ?"
ಬೆರಳಿಟ್ಟು ತೋರಿಸಿದೆ. ಬೆರಳು ತೆಗೆಯುವಷ್ಟರಲ್ಲಿ ಠಪ್! ಅರ್ಧ ಸೀಲ್ ಕಾಗದದ ಮೇಲೆ, ಅರ್ಧ ನನ್ನ ಉಗುರಿನ ಮೇಲೆ.