ಸೆರಗಿಲ್ಲದ ಸೀರೆ

ಅತ್ತೀ,

ನೀನು ಮಣ್ಣಿಗೆ ಹೋಗಿ ವರ್ಷವಾಗುತ್ತ ಬಂತು, ನಮ್ಮ ಮಗ್ಗದ ಕೋಣೆಯ ಸದ್ದು ಮಾತ್ರ ನಿಂತಿಲ್ಲ ನೋಡು. ಮಧ್ಯಾಹ್ನ ಊಟವಾಗಿ ಓಣಿಯೆಲ್ಲ ತಣ್ಣಗಾದಾಗ, ನೆಲದ ಕುಣಿಮಗ್ಗದಲ್ಲಿ ಯಾರೂ ಕೂತಿರದಿದ್ದರೂ, ಲಾಳಿ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ... ಚಿಕ್ಕವಳಿದ್ದಾಗ ನಾನು ಹೆದರಿ ನಿನಗೆ ಆತುಕೊಂಡರೆ ನೀನು ನಗುತ್ತಿದ್ದೆ. "ಅಂಜಬ್ಯಾಡ. ದೊರಿ ಬಂದಾರ. ಚಾ ಇಡು ಹೋಗ." ಆ ಚಹಾ ಆರಿದ ಮೇಲೆ ಚೆಲ್ಲುತ್ತಿದ್ದವಳು ನಾನೇ. ಎಷ್ಟು ಬೈದಿದ್ದೇನೆ ಆ ದೊರೆಯನ್ನು!

ನೀನು ಹೇಳಿ ಹೇಳಿ ನನಗೆ ಬಾಯಿಪಾಠವಾದ ಕತೆ. ಅಣ್ಣನ ಗಾದಿಗೆ ಅಡ್ಡ ಬಂದಾನೆಂದು ಅರಮನೆಯವರು ಇಳಕಲ್ಲಿಗೆ ಅಟ್ಟಿದ ದೊರೆಮಗ. ಹೆಂಡತಿ ಸತ್ತವನು, ಜೊತೆಗೊಂದು ಪುಟ್ಟ ಹುಡುಗಿ. ಆ ಹುಡುಗಿಗೆ ಅಕ್ಷರ ಕಲಿಸಲು, ತಲೆ ಬಾಚಲು ಅವರಿದ್ದ ವಾಡೆಗೆ ಹೋಗುತ್ತಿದ್ದವಳು ನೀನು. ಹೊತ್ತು ಹೋಗದ ದೊರೆ ನಿನ್ನ ಹಿಂದೆಯೇ ಬಂದು ಅಜ್ಜನ ಮಗ್ಗದಲ್ಲಿ ಕೂತನಂತೆ. ನೇಯ್ಗೆ ಕಲಿಯಲೋ, ನಿನ್ನನ್ನು ನೋಡಲೋ? ನಮ್ಮ ಸೀರೆಯ ಒಡಲಿಗೆ ಉದ್ದಕ್ಕೆ ಎಳೆದ ಹಾಸೇ ಬೇರೆ, ಸೆರಗಿನ ಹಾಸೇ ಬೇರೆ. ಎಳೆಯೊಳಗೆ ಎಳೆ ಸಿಕ್ಕಿಸಿ ಕೊಂಡಿ ಹಾಕಿ ಕೂಡಿಸಬೇಕು. ಅವನು ಮಾತ್ರ ಎಳೆ ಎಳೆಗೂ ಗಂಟು ಬಿಗಿದ. "ಗಂಟ ಹಾಕಬ್ಯಾಡ್ರಿ ಧಣಿ, ಹೆಣ್ಮಕ್ಕಳ ಹೆಗಲಿಗೆ ಚುಚ್ಚತೈತಿ" ಎಂದು ಅಜ್ಜ ಬೇಡಿಕೊಂಡರೂ ಕೇಳಲಿಲ್ಲ. "ಕೊಂಡಿ ಜಾರಿದರ ಏನ ಮಾಡೂದು?" ಎಂದನಂತೆ. ಅವನು ನೇಯ್ದುಕೊಟ್ಟ ಆ ಸೀರೆ ಉಟ್ಟು ನಿನ್ನ ಹೆಗಲು ಕೆಂಪಾಗುತ್ತಿತ್ತು. ಒಡಲು ಹರಿದು ಚಿಂದಿಯಾದ ಮೇಲೂ ಸೆರಗನ್ನು ದಿಂಬಿನ ಕೆಳಗೆ ಇಟ್ಟುಕೊಂಡೆ.

ಒಂದು ಬೆಳಿಗ್ಗೆ ನೀನು ಹೋದರೆ ವಾಡೆಯ ಬಾಗಿಲಿಗೆ ಕೀಲಿ. ಒಂದು ಮಾತಿಲ್ಲ, ಕತೆಯಿಲ್ಲ. ಆಮೇಲೆ ಬಂದ ವರಗಳನ್ನೆಲ್ಲ ನೀನು ತಿರುಗಿಸಿ ಕಳಿಸಿದೆ. ಕಡೆಯ ದಿನ ನನ್ನ ಕೈ ಹಿಡಿದು ಕೇಳಿದ್ದೂ ಅದನ್ನೇ. "ಮರ್ತರೇನ ಅವರು? ಮರ್ತಿದ್ದರ ಹೇಳಿಬಿಡ, ಸಮಾಧಾನದಿಂದ ಹೋಗ್ತೇನಿ." ನನಗೇನು ಗೊತ್ತಿತ್ತು ಹೇಳಲು? ದಿಂಬಿನ ಕೆಳಗಿನ ಆ ಸೆರಗನ್ನು ತೆಗೆದು ನಿನ್ನ ಕೈಗಿಟ್ಟೆ.

ಮೊನ್ನೆ ಬಾಗಿಲಲ್ಲಿ ಒಬ್ಬ ಮುದುಕಿ. ಬಾದಾಮಿ ಸ್ಟೇಷನ್ನಿನಲ್ಲಿ ಇಳಿದು ಕಾರು ಮಾಡಿಕೊಂಡು ಬಂದವಳು. "ನಮ್ಮ ಅಕ್ಕೋರ ಮನಿ ಇದೇ ಏನ್ರಿ? ನನಗ ತಲಿ ಬಾಚತಿದ್ರು." ನಿನ್ನ ಹುಡುಗಿ, ಅತ್ತೀ! ನೀನಿಲ್ಲ ಎಂದಾಗ ಚೀಲ ಕೆಳಗಿಟ್ಟು ಹೊಸ್ತಿಲಲ್ಲೇ ಕೂತಳು. "ನಾ ಭಾಳ ಸಣ್ಣಾಕಿ, ಊರ ಹೆಸರ ಮರ್ತಿದ್ದೆ, ಅಪ್ಪಾಜಿನೂ ಎಂದೂ ಹೇಳಲಿಲ್ಲ. ಅಪ್ಪಾಜಿ ನೇಯ್ದಿದ್ದ ಸೀರಿ ನೋಡಿದವರು ಇದು ಇಳಕಲ್ಲಿನ ಕೆಲಸ ಅಂದ್ರು, ಬಂದೆ." ದೊರೆ ಮಗ್ಗದಲ್ಲಿ ಕೂತ ಸುದ್ದಿ ಮುಟ್ಟಿದ್ದೇ, ಅರಮನೆಯವರು ಬೆಳಕು ಹರಿಯುವ ಮೊದಲೇ ಅಪ್ಪ ಮಗಳನ್ನು ಎಬ್ಬಿಸಿ ಕರೆದೊಯ್ದಿದ್ದರಂತೆ. ತಿರುಗಿ ಹೋಗುವುದಾದರೆ ಮಗಳನ್ನು ಅರಮನೆಯಲ್ಲೇ ಬಿಟ್ಟು ಹೋಗು ಎಂದರಂತೆ. "ನನ್ನ ಸಲುವಾಗಿ ಬರಲಿಲ್ರಿ ಅವರು, ಖರೇನ ನನ್ನ ಸಲುವಾಗಿ" ಎಂದು ನನ್ನ ಕೈ ಹಿಡಿದಳು.

ಚೀಲದಿಂದ ಒಂದು ಸೀರೆ ತೆಗೆದಳು. ಸೆರಗೇ ಇಲ್ಲ, ತುದಿಯಲ್ಲಿ ಹಾಸಿನ ಎಳೆಗಳು ಸುಮ್ಮನೆ ಜೋತಾಡುತ್ತಿವೆ. "ಅಲ್ಲೇ ಮಗ್ಗ ಹಾಕ್ಸಿ ಸಾಯೂತನಾ ನೇಯ್ದ್ರು. ಬರೇ ಒಡಲು. ಸೆರಗ ಎಲ್ರಿ ಅಪ್ಪಾಜಿ ಅಂದ್ರ, ಅದು ಅಕ್ಕೋರ ಕಡೆ ಐತಿ ಅಂತಿದ್ರು." ಯಾವ ಹೊತ್ತಿಗೆ ಮಗ್ಗದಲ್ಲಿ ಕೂರುತ್ತಿದ್ದರು ಎಂದು ಕೇಳಿದೆ. "ಮಧ್ಯಾಹ್ನ, ಊಟ ಆದ ಮ್ಯಾಲ." ನಮ್ಮ ಮಗ್ಗದ ಸದ್ದೂ ಅದೇ ಹೊತ್ತಿನದು.

ಮರೆತಿರಲಿಲ್ಲ ಅತ್ತೀ. ಒಂದು ದಿನವೂ ಮರೆತಿರಲಿಲ್ಲ. ಆ ಸೀರೆಯನ್ನು ಅವಳು ನನ್ನ ಕೈಗೆ ಕೊಟ್ಟು ಹೋದಳು. ನಿನ್ನ ಸೆರಗನ್ನು ಪೆಟ್ಟಿಗೆಯಿಂದ ತೆಗೆದು, ಹರಿದ ಅಂಚಿನ ಎಳೆ ಬಿಡಿಸಿ ಕೂಡಿಸುತ್ತ ಕೂತಿದ್ದೇನೆ. ಕೊಂಡಿಯಲ್ಲ, ಗಂಟು. ಅಜ್ಜ ಎಲ್ಲಿದ್ದರೂ ಬೈಯಲಿ. ನಿನ್ನ ವರ್ಷದ ದಿನ ಸಮಾಧಿಗೆ ಹೊದಿಸುತ್ತೇನೆ, ಹೆಗಲಿಗೆ ಚುಚ್ಚಿದರೆ ತಡೆದುಕೋ.

ಈಗ ಮಧ್ಯಾಹ್ನ. ಆ ಕೋಣೆಯಲ್ಲಿ ಸದ್ದು ಶುರುವಾಗಿದೆ. ಎರಡು ಕಪ್ ಚಹಾ ಇಟ್ಟಿದ್ದೇನೆ. ಆರೂದರೊಳಗ ಬರ್ರಿ, ಇಬ್ಬರೂ.